ಗೊಬ್ಬರದ ರಾಶಿಯ ಕಾವು ಉಳಿಸಿಕೊಳ್ಳುವ ಬಗೆ

ಉಡುಪಿಯ ತೋಟಗಳಲ್ಲಿ ತರಗೆಲೆಗಾಗಲಿ ಹಟ್ಟಿಯ ಸೆಗಣಿಗಾಗಲಿ ಕೊರತೆಯಿಲ್ಲ. ಆದರೂ ಹಲವರ ಗೊಬ್ಬರ ವರ್ಷವಾದರೂ ಕಳಿಯದಿರಲು ಮುಖ್ಯ ಕಾರಣ, ರಾಶಿ ಒಮ್ಮೆಯೂ ಸರಿಯಾಗಿ ಕಾಯದಿರುವುದು.

ಆ ಕಾವು ಬ್ಯಾಕ್ಟೀರಿಯಾಗಳ ಉಸಿರಾಟದಿಂದ ಹುಟ್ಟುತ್ತದೆ. ಸಾಧಾರಣ ಉಷ್ಣತೆಯಲ್ಲಿ ಬದುಕುವ ಜೀವಿಗಳು ಸಕ್ಕರೆ, ಪಿಷ್ಟಗಳನ್ನು ತಿಂದು ರಾಶಿಯನ್ನು 45 ಡಿಗ್ರಿ ಸೆಲ್ಸಿಯಸ್ ದಾಟಿಸಿದ ಮೇಲೆ ಜಿಯೋಬ್ಯಾಸಿಲಸ್, ಥರ್ಮೋಬಿಫಿಡಾದಂತಹ ಶಾಖಪ್ರಿಯ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ಇಂಥವು ಸೆಗಣಿಯಲ್ಲೂ ಮಣ್ಣಿನಲ್ಲೂ ಮೊದಲೇ ಇರುವುದರಿಂದ ಅವುಗಳ ಪೊಟ್ಟಣ ಕೊಳ್ಳುವುದು ದುಂದುವೆಚ್ಚವೆಂದೇ ನನ್ನ ಅಭಿಪ್ರಾಯ.

ರಾಶಿ ಉದ್ದ, ಅಗಲ, ಎತ್ತರಗಳಲ್ಲಿ ಕನಿಷ್ಠ 1 ಮೀಟರ್ ಇರಲಿ. ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ಅಂದಾಜು ಎರಡು ಪಾಲು ತರಗೆಲೆಗೆ ಒಂದು ಪಾಲು ಸೆಗಣಿ, ಹಸಿರು ಸೊಪ್ಪು ಬೆರೆಸಬೇಕು. ಗೇರು, ಹಲಸಿನ ಎಲೆಗಳ ಮೇಲೆ ಮೇಣದ ಪದರವಿರುವುದರಿಂದ ಅವನ್ನು ಕೊಚ್ಚಿಯೇ ಹಾಕಬೇಕು. ಹಿಡಿಯಷ್ಟು ತೆಗೆದು ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಬೇಕು, ನೀರು ಸುರಿಯಬಾರದು. ನಮ್ಮ ಮಳೆಗಾಲದಲ್ಲಿ ಇದೇ ಕಷ್ಟದ ಕೆಲಸ: ನೀರು ತುಂಬಿದರೆ ಗಾಳಿಯಾಡದೆ ರಾಶಿ ತಣ್ಣಗಾಗಿ ನಾರುತ್ತದೆ. ಆದ್ದರಿಂದ ಮಾಡಿನಡಿ, ಮುರಕಲ್ಲು ಹಾಸಿ ಎತ್ತರಿಸಿದ ನೆಲದ ಮೇಲೆಯೇ ರಾಶಿ ಹಾಕುವುದು ಒಳ್ಳೆಯದು.

ಉದ್ದ ಕಡ್ಡಿಯ ಥರ್ಮಾಮೀಟರನ್ನು ನಡುವಿನವರೆಗೆ ಚುಚ್ಚಿ ದಿನವೂ ನೋಡಿ. 55ರಿಂದ 60 ಡಿಗ್ರಿ ಉತ್ತಮ. 55ರ ಮೇಲೆ ಮೂರು ದಿನ ನಿಂತರೆ ಹೆಚ್ಚಿನ ರೋಗಾಣುಗಳು ಸಾಯುತ್ತವೆ. 65 ದಾಟಿದರೆ ಉಪಕಾರಿ ಜೀವಿಗಳೂ ಸೊರಗುವುದರಿಂದ ತಕ್ಷಣ ಮಗುಚಿ, ಹೊರಗಿನದು ಒಳಗೆ ಹೋಗುವಂತೆ ನೋಡಿಕೊಳ್ಳಿ. ಮಗುಚುವಾಗ ಒಂದು ಗೇಣು ಆಳದಲ್ಲಿ ಎಲೆಗಳಿಗೆ ಬೂದಿ ಬಳಿದಂತಹ ಬಿಳಿಯ ಲೇಪ ಕಂಡರೆ ಬೂಷ್ಟೆಂದು ಗಾಬರಿಯಾಗಬೇಡಿ. ಅವು ಬಹುಮಟ್ಟಿಗೆ ಎಳೆಯಂತೆ ಬೆಳೆಯುವ ಆಕ್ಟಿನೋಬ್ಯಾಕ್ಟೀರಿಯಾಗಳು; ಸೆಲ್ಯುಲೇಸ್, ಕ್ಸೈಲನೇಸ್ ಕಿಣ್ವಗಳನ್ನು ಹೊರಸೂಸಿ ಎಲೆಯ ನಾರನ್ನು ಒಡೆಯುತ್ತವೆ.

ಬಿಸಿಯಲ್ಲೂ ಕೆಡದ ಇಂತಹ ಕಿಣ್ವಗಳಿಗೆ ಕಾಗದ, ಮಾರ್ಜಕ ಉದ್ಯಮಗಳಲ್ಲಿ ಬೇಡಿಕೆಯಿದೆ. ಜಪಾನಿನಲ್ಲಿ ಎಲೆ-ರೆಂಬೆಗಳ ಕಾಂಪೋಸ್ಟಿನ ಡಿಎನ್‌ಎಯಿಂದ ಪತ್ತೆಯಾಗಿ 2012ರಲ್ಲಿ ಪ್ರಕಟವಾದ ಕ್ಯೂಟಿನೇಸ್ ಎಂಬ ಕಿಣ್ವದ ಸುಧಾರಿತ ರೂಪವು ನೀರಿನ ಬಾಟಲಿಗಳಿಗೆ ಬಳಸುವ ಪೆಟ್ ಪ್ಲಾಸ್ಟಿಕ್ಕಿನ 90 ಶೇಕಡಾ ಭಾಗವನ್ನು 72 ಡಿಗ್ರಿಯಲ್ಲಿ 10 ಗಂಟೆಗಳಲ್ಲಿ ಒಡೆದದ್ದು 2020ರಲ್ಲಿ ವರದಿಯಾಯಿತು. ಅದು ಪ್ಲಾಸ್ಟಿಕ್ಕನ್ನು ಮೊದಲೇ ಸಂಸ್ಕರಿಸಿ ರಿಯಾಕ್ಟರಿನಲ್ಲಿ ನಡೆಸಿದ ಕೆಲಸ. ಹಿತ್ತಲ ರಾಶಿಗೆ ಬಾಟಲಿ ಎಸೆದರೆ ಅದು ಹಾಗೆಯೇ ಉಳಿಯುತ್ತದೆ.

ತೇವವಿದ್ದೂ, ಮಗುಚಿದ ಮೇಲೂ ರಾಶಿ ಮತ್ತೆ ಕಾಯದಿದ್ದರೆ ಒಂದೆರಡು ತಿಂಗಳು ಮುಟ್ಟದೆ ಮಾಗಲು ಬಿಟ್ಟು, ಬಳಿಕ ಅಡಿಕೆ ಬುಡಕ್ಕೆ ಹಾಕಬಹುದು.