ಡಿಓಟಿ ಫಿಸಿಕಲ್‌ಗೆ ಹೋಗುವ ಮೊದಲು

ಕಳೆದ ತಿಂಗಳು ಚಿತ್ರದುರ್ಗದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಅಣ್ಣ ಹಾಕಿದ್ದ ಅರ್ಜಿ ಮೇಲೆ ಗ್ರೀನ್ ಕಾರ್ಡ್ ಸಿಕ್ಕಿ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದಾನೆ. ಊರಲ್ಲಿ ಟಿಪ್ಪರ್ ಓಡಿಸಿದವನು, ಇಲ್ಲೂ ಸಿಡಿಎಲ್, ಅಂದರೆ ದೊಡ್ಡ ಗಾಡಿ ಓಡಿಸುವ ಲೈಸೆನ್ಸ್, ಮಾಡಿಸಬೇಕೆಂದಿದ್ದಾನೆ. ಅದಕ್ಕೆ ಡಿಓಟಿ ಫಿಸಿಕಲ್ ಎಂಬ ವೈದ್ಯಕೀಯ ಪರೀಕ್ಷೆ ಆಗಬೇಕು. "ಅಣ್ಣಾ, ಮೆಡಿಕಲ್ ಅಂತಾರಲ್ಲ, ಅದಕ್ಕೆ ಯಾರ ಹತ್ರ ಸೈನ್ ಹಾಕಿಸ್ಬೇಕು?" ಅಂತ ಕೇಳಿದ. ನನ್ನ ಎದೆ ಧಸಕ್ಕೆಂದಿತು. 2015ರಲ್ಲಿ ಸ್ಟಾಕ್‌ಟನ್‌ಗೆ ಬಂದಿಳಿದಾಗ ನಾನು ಭಾವನನ್ನು ಕೇಳಿದ್ದೂ ಇದೇ ಮಾತು, ಇದೇ ಶಬ್ದಗಳಲ್ಲಿ.

ಸೈನ್ ಹಾಕಿಸೋದು. ಮೆಡಿಕಲ್ ಅಂದರೆ ನಮ್ಮ ತಲೆಯಲ್ಲಿ ಅಷ್ಟೇ. ಊರಲ್ಲಿ ನನಗೆ ಹೆವಿ ಲೈಸೆನ್ಸ್ ಆದಾಗ ಫಾರಂ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರವನ್ನು ಏಜೆಂಟರೇ ತಂದುಕೊಟ್ಟಿದ್ದರು. ಡಾಕ್ಟರ ಮುಖ ನಾನು ನೋಡಲಿಲ್ಲ, ಅವರು ನನ್ನ ಕಣ್ಣು ನೋಡಲಿಲ್ಲ. ಆ ಕಾಗದದ ಮೇಲೆ ಒಂಬತ್ತು ವರ್ಷ ದಾವಣಗೆರೆಯಿಂದ ಮುಂಬಯಿಗೆ ಲೋಡ್ ಹೊಡೆದೆ. ಅದು ಎಂಥ ಅಪಾಯದ ಕೆಲಸವಾಗಿತ್ತೆಂದು ಈಗ ನೆನೆದರೆ ಮೈ ನಡುಗುತ್ತದೆ.

ಇಲ್ಲಿ ನಾನು ಮಾಡಿದ ಮೊದಲ ತಪ್ಪು ಅಕ್ಕನ ಮನೆಯವರ ಫ್ಯಾಮಿಲಿ ಡಾಕ್ಟರ ಹತ್ತಿರ ಹೋದದ್ದು. ನಮ್ಮ ದೇಶದವರು, ಒಳ್ಳೆಯವರು. ಒಂದು ಗಂಟೆ ಕೂರಿಸಿಕೊಂಡು ಎಲ್ಲಾ ಪರೀಕ್ಷೆ ಮಾಡಿ ಸಹಿ ಹಾಕಿಕೊಟ್ಟರು. ಕಾಗದ ವಾಪಸ್ ಬಂತು. ಅವರು ರಿಜಿಸ್ಟ್ರಿಯಲ್ಲಿ ಇರಲಿಲ್ಲ, ನಾನು ಕೇಳಿರಲೂ ಇಲ್ಲ. 2014ರ ಮೇ 21ರಿಂದ ಈ ಪರೀಕ್ಷೆ ಮಾಡುವವರ ಹೆಸರು ಫೆಡರಲ್ ಸರ್ಕಾರದ ನ್ಯಾಷನಲ್ ರಿಜಿಸ್ಟ್ರಿಯಲ್ಲಿ ಇರಲೇಬೇಕು. ಎಷ್ಟೇ ದೊಡ್ಡ ಹೃದಯ ತಜ್ಞರಾಗಲಿ, ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅವರ ಸಹಿ ನಡೆಯುವುದಿಲ್ಲ. ಪಟ್ಟಿಯಲ್ಲಿದ್ದರೆ ನರ್ಸ್ ಪ್ರಾಕ್ಟೀಷನರ್ ಸಹಿಯೂ ನಡೆಯುತ್ತದೆ, ಬೆನ್ನುಮೂಳೆ ನೋಡುವ ಕೈರೋಪ್ರಾಕ್ಟರ್ ಸಹಿಯೂ ನಡೆಯುತ್ತದೆ, ರಾಜ್ಯದ ಕಾನೂನು ಒಪ್ಪಿದರೆ ಸಾಕು. ಇವರು ಟ್ರೈನಿಂಗ್ ಪಡೆದು ಪರೀಕ್ಷೆ ಪಾಸಾದವರು. ಐದು ವರ್ಷಕ್ಕೊಮ್ಮೆ ಮತ್ತೆ ಟ್ರೈನಿಂಗ್, ಹತ್ತು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ನಿಮ್ಮ ಜಿಪ್ ಕೋಡ್ ಹಾಕಿ ಹುಡುಕಿ, ಹೆಸರು ಇವತ್ತಿಗೂ ಚಾಲ್ತಿಯಲ್ಲಿದೆಯೇ ನೋಡಿಕೊಂಡು ಹೋಗಿ. ದುಡ್ಡು ಸಾಮಾನ್ಯವಾಗಿ ಕೈಯಿಂದಲೇ, ಇನ್ಶೂರೆನ್ಸ್ ನಂಬಿಕೊಂಡು ಹೋಗಬೇಡಿ.

ಆಮೇಲೆ ಪಟ್ಟಿಯಲ್ಲಿದ್ದವರೊಬ್ಬರ ಹತ್ತಿರ ಹೋದೆ. ಅಲ್ಲಿ ಮಾಡಿದ ಎರಡನೆಯ ತಪ್ಪು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಫಾರಂ ತುಂಬುವಾಗ ನಿಮಗೆ ಏನೇನು ಕಾಯಿಲೆ ಇದೆ, ಯಾವ ಮಾತ್ರೆ ತಗೊಳ್ತೀರಿ ಎಂದು ಉದ್ದಕ್ಕೆ ಕೇಳಿರುತ್ತಾರೆ. ನಾನು ಮೇಲಿಂದ ಕೆಳಗಿನವರೆಗೆ "ಇಲ್ಲ" ಎಂದೇ ಗುರುತು ಹಾಕಿದೆ. ಬಿಪಿ ಮಾತ್ರೆಯ ಶೀಟು ಆಗ ಅಂಗಿಯ ಜೇಬಿನಲ್ಲೇ ಇತ್ತು. ಊರಿಂದ ಆರು ತಿಂಗಳಿಗಾಗುವಷ್ಟು ತಂದಿದ್ದೆ. ತಲೆ ಸುತ್ತಿದ ದಿನ ಒಂದು, ಇಲ್ಲದಿದ್ದರೆ ಇಲ್ಲ, ಹಾಗೆ ನುಂಗುತ್ತಿದ್ದೆ. ಆ ಬೆಳಿಗ್ಗೆ ಎರಡು ಲೋಟ ಸ್ಟ್ರಾಂಗ್ ಕಾಫಿ ಬೇರೆ ಆಗಿತ್ತು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು: 168/102.

ಇದರ ಲೆಕ್ಕ ನೆನಪಿಟ್ಟುಕೊಳ್ಳಿ. 140/90ಕ್ಕಿಂತ ಕಡಿಮೆ ಇದ್ದು ಬೇರೆ ತೊಂದರೆ ಇಲ್ಲದಿದ್ದರೆ ಎರಡು ವರ್ಷದ ಸರ್ಟಿಫಿಕೇಟು. ಮೇಲಿನದು 140ರಿಂದ 159, ಅಥವಾ ಕೆಳಗಿನದು 90ರಿಂದ 99 ಇದ್ದರೆ ಒಂದು ವರ್ಷ. 160ರಿಂದ 179, ಅಥವಾ 100ರಿಂದ 109 ಇದ್ದರೆ ಒಂದೇ ಒಂದು ಸಲ ಮೂರು ತಿಂಗಳು, ಅಷ್ಟರೊಳಗೆ ಇಳಿಸಿಕೊಂಡು ಬರಬೇಕು. ಮೇಲಿನದು 180 ಅಥವಾ ಕೆಳಗಿನದು 110 ಮುಟ್ಟಿದರೆ, ಅದು ಇಳಿಯುವವರೆಗೆ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ನನಗೆ ಸಿಕ್ಕಿದ್ದು ಮೂರು ತಿಂಗಳು. ಪರೀಕ್ಷೆ ಮಾಡಿದ ಹೆಂಗಸು ನನ್ನ ಜೇಬನ್ನೇ ನೋಡುತ್ತಾ ಮೆತ್ತಗೆ ಹೇಳಿದರು, ಮಾತ್ರೆ ತಗೊಳ್ಳುವುದಕ್ಕೆ ಇಲ್ಲಿ ಯಾರೂ ಲೈಸೆನ್ಸ್ ಕಿತ್ತುಕೊಳ್ಳುವುದಿಲ್ಲ, ಸುಳ್ಳು ಬರೆದರೆ ಸರ್ಟಿಫಿಕೇಟೇ ರದ್ದಾಗಬಹುದು ಅಂತ. ಆ ಫಾರಂ ನಾನೇ ಸಹಿ ಹಾಕಿ ಕೊಟ್ಟಿದ್ದೆ.

ನಮ್ಮಪ್ಪನೂ ಡ್ರೈವರೇ. ಬಿಪಿ ಇದೆ ಅಂತ ಗೊತ್ತಾದರೆ ಮಾಲೀಕ ಗಾಡಿ ಕೊಡಲ್ಲ ಅಂತ ಮಾತ್ರೆಯನ್ನು ಟವೆಲ್ ತುದಿಗೆ ಗಂಟು ಹಾಕಿಟ್ಟುಕೊಳ್ಳುತ್ತಿದ್ದರು, ಅಮ್ಮನಿಗೂ ಹೇಳಿರಲಿಲ್ಲ. ಅವರಿಗೆ ಲಕ್ವ ಹೊಡೆದ ದಿನ ನಾನು ಅರಿಜೋನಾದಲ್ಲಿ ಲೋಡ್ ಇಳಿಸುತ್ತಿದ್ದೆ. ಹೋಗಿ ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಕಾಯಿಲೆ ಮುಚ್ಚಿಡುವುದನ್ನು ನಾನು ಕಲಿತದ್ದು ಅವರಿಂದ. ನೀವೂ ಯಾರಿಂದಲೋ ಕಲಿತೇ ಬಂದಿರುತ್ತೀರಿ. ದಯವಿಟ್ಟು ಅದನ್ನು ಇಲ್ಲಿಗೆ ತರಬೇಡಿ.

ಸಕ್ಕರೆ ಕಾಯಿಲೆ ಇದ್ದವರಿಗೂ ಇದೇ ಮಾತು. ಈ ಪರೀಕ್ಷೆಯಲ್ಲಿ ಮೂತ್ರ ನೋಡುವುದು ಡ್ರಗ್ಸ್‌ಗಾಗಿ ಅಲ್ಲ, ಅದು ಬೇರೆಯದೇ ಟೆಸ್ಟ್. ಇಲ್ಲಿ ನೋಡುವುದು ಸಕ್ಕರೆ, ಪ್ರೋಟೀನ್, ರಕ್ತ, ಮೂತ್ರದ ಸಾಂದ್ರತೆ. ಇನ್ಸುಲಿನ್ ತಗೊಂಡರೆ ಕೆಲಸ ಹೋಯಿತು ಅನ್ನುವುದು ಹಳೇ ಕಾಲದ ಮಾತು, 2018ರ ನವೆಂಬರಿನಿಂದ ನಿಯಮ ಬದಲಾಗಿದೆ. ನಿಮ್ಮನ್ನು ನೋಡುವ ಡಾಕ್ಟರು ಇನ್ಸುಲಿನ್ ತಗೊಳ್ಳುವವರಿಗೆಂದೇ ಇರುವ ಎಂಸಿಎಸ್‌ಎ-5870 ಫಾರಂ ತುಂಬಿಕೊಡಬೇಕು, ಅದಾದ 45 ದಿನದೊಳಗೆ ಈ ಪರೀಕ್ಷೆ ಆಗಬೇಕು. ಮೂರು ತಿಂಗಳ ಶುಗರ್ ರೀಡಿಂಗ್ ಮೀಟರಿನಲ್ಲಿರಲಿ. ಆಗ ಒಂದು ವರ್ಷದವರೆಗೆ ಸಿಗುತ್ತದೆ. ಕಣ್ಣಿಗೆ ಕನ್ನಡಕ ಹಾಕಿಯಾದರೂ ಸಾಮಾನ್ಯವಾಗಿ ಎರಡರಲ್ಲೂ ದೃಷ್ಟಿ 20/40 ಬರಬೇಕು, ಕನ್ನಡಕ ಮನೆಯಲ್ಲಿ ಮರೆಯಬೇಡಿ.

ಕಿವಿಯ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಐದು ಅಡಿ ದೂರದಲ್ಲಿ ನಿಲ್ಲಿಸುತ್ತಾರೆ. ಒಂದು ಕಿವಿ ಮುಚ್ಚಿಕೊಳ್ಳಬೇಕು. ಅವರು ಉಸಿರು ಹೊರಗೆ ಬಿಟ್ಟು, ಉಳಿದ ಉಸಿರಿನಲ್ಲಿ ಪಿಸುಗುಟ್ಟುತ್ತಾರೆ, ನೀವು ಅದನ್ನೇ ತಿರುಗಿ ಹೇಳಬೇಕು. ಮೂರು ತಿಂಗಳ ಬಳಿಕ ಬೇರೊಂದು ಕಡೆ ಹೋದಾಗ ಬಿಪಿ ಇಳಿದಿತ್ತು, ಕಿವಿಯಲ್ಲಿ ಸಿಕ್ಕಿಬಿದ್ದೆ. ಪಿಸುಮಾತು ಕೇಳಿಸಿತ್ತು, ಸ್ಪಷ್ಟವಾಗಿ ಕೇಳಿಸಿತ್ತು. ಯಾವ ಶಬ್ದ ಎಂದು ತಿಳಿಯಲಿಲ್ಲ. ಆ ಇಂಗ್ಲಿಷು ನನ್ನ ಕಿವಿಗೆ ಇನ್ನೂ ಗಾಳಿಯ ಸದ್ದು. "ಕೇಳುವುದಿಲ್ಲ" ಎಂದು ಬರೆದುಕೊಂಡರು. ನಾನು ಕಿವುಡನಲ್ಲ ಎಂದು ಹೇಳಲೂ ನನ್ನ ಹತ್ತಿರ ಮಾತಿರಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಗಾಡಿಯೊಳಗೆ ಕೂತು ಅತ್ತೆ.

ಆಮೇಲೆ ಟ್ರಕ್ ಸ್ಟಾಪಿನ ಢಾಬಾದಲ್ಲಿ ಸಿಕ್ಕ ಪಂಜಾಬಿ ಹಿರಿಯರೊಬ್ಬರು ದಾರಿ ತೋರಿಸಿದರು. ಪಿಸುಮಾತಿನ ಬದಲು ಆಡಿಯೋಮೀಟರ್ ಯಂತ್ರದಲ್ಲೂ ಪರೀಕ್ಷೆ ಮಾಡಬಹುದು, ನಿಯಮದಲ್ಲೇ ಇದೆ. 500, 1000, 2000 ಹರ್ಟ್ಸ್‌ನಲ್ಲಿ ಚೆನ್ನಾಗಿರುವ ಕಿವಿಯ ಸರಾಸರಿ ನಷ್ಟ 40 ಡೆಸಿಬೆಲ್ ದಾಟಿರಬಾರದು. ಸದ್ದು ಬಂದಾಗ ತಿಳಿಸಿದರೆ ಸಾಕು. ಹೋಗಿ ಕೇಳಿಕೊಂಡೆ, ಮಾಡಿದರು, ಎರಡೂ ಕಿವಿ ಪಾಸು. ಪಿಸುಮಾತೇ ಮಾಡಿದರೂ ಶಬ್ದದ ಬದಲು ಅಂಕಿ ಹೇಳಿ ಅಂತ ಮೊದಲೇ ಕೇಳಿಕೊಳ್ಳಿ, ಅದಕ್ಕೂ ಅವಕಾಶವಿದೆ. ಆದರೆ ಇಂಗ್ಲಿಷ್ ಕಲಿಯುವುದನ್ನು ಮುಂದೂಡಬೇಡಿ. 2025ರ ಜೂನ್‌ನಿಂದ ರಸ್ತೆ ಬದಿ ತಪಾಸಣೆಯಲ್ಲಿ ಇಂಗ್ಲಿಷ್ ಬಾರದಿದ್ದರೆ ಗಾಡಿಯಿಂದ ಇಳಿಸುತ್ತಾರೆ.

ಕಾಗದದ ಕೆಲಸ: ಲೈಸೆನ್ಸ್ ಕೊಡುವ ಕಚೇರಿಯಾದ ಡಿಎಂವಿಯಲ್ಲಿ ಸೆಲ್ಫ್ ಸರ್ಟಿಫಿಕೇಷನ್, ಅಂದರೆ ಯಾವ ಬಗೆಯ ಓಡಾಟ ಮಾಡುತ್ತೀರಿ ಎಂಬ ಘೋಷಣೆ, ಮಾಡಿ, ಸರ್ಟಿಫಿಕೇಟಿನ ಪ್ರತಿ ಕೈಯಲ್ಲಿಟ್ಟುಕೊಳ್ಳಿ, ಮುಗಿಯುವ ತಾರೀಖು ಕ್ಯಾಲೆಂಡರಿನಲ್ಲಿ ಬರೆಯಿರಿ. ತಪ್ಪಿದರೆ ಸಿಡಿಎಲ್ ಕೆಳಗಿಳಿಸಿ ದೊಡ್ಡ ಗಾಡಿ ಓಡಿಸುವ ಹಕ್ಕು ತೆಗೆದುಬಿಡುತ್ತಾರೆ. ಸ್ಕೂಲ್ ಬಸ್ ಓಡಿಸಲು ಹೊರಟ ಅಕ್ಕತಂಗಿಯರೂ ನಿಮ್ಮ ರಾಜ್ಯದ ನಿಯಮ ವಿಚಾರಿಸಿ.

ಬಿಪಿ ಇರುವುದರಿಂದ ನನ್ನದು ವರ್ಷ ವರ್ಷದ ಪರೀಕ್ಷೆ. ಒಂದು ವಾರ ಮೊದಲಿನಿಂದ ಉಪ್ಪಿನಕಾಯಿ, ಹಪ್ಪಳ ಮನೆಯಲ್ಲಿ ಬಂದ್. ರಾತ್ರಿ ಊಟವಾದ ಮೇಲೆ ಮಗಳು ಹಾಲ್‌ನ ಆ ತುದಿಯಲ್ಲಿ ನಿಂತು ಇಂಗ್ಲಿಷಿನಲ್ಲಿ ಅಂಕಿ ಪಿಸುಗುಟ್ಟುತ್ತಾಳೆ, ನಾನು ಒಂದು ಕಿವಿ ಮುಚ್ಚಿಕೊಂಡು ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ರಾತ್ರಿ, ಈಗ ನಿನ್ನ ಸರದಿ ಅಂತ ನಾನು ಕನ್ನಡದಲ್ಲಿ ಪಿಸುಗುಟ್ಟಿದೆ, "ಅರವತ್ತಾರು". ಸುಮ್ಮನೆ ನಿಂತಳು. "ಕೇಳಿಸ್ತು ಅಪ್ಪಾಜಿ, ಏನು ಅಂತ ಗೊತ್ತಾಗ್ಲಿಲ್ಲ" ಅಂದಳು. ಅವಳು ನಾಲ್ಕು ವರ್ಷದವಳಿದ್ದಾಗ ಮೂರು ವಾರ ಗಾಡಿಯ ಮೇಲೇ ಇರುತ್ತಿದ್ದೆ, ಅಂಕಿ ಹೇಳಿಕೊಡಬೇಕಾಗಿದ್ದ ಕಾಲ ಅದು.

ಅಂದಿನಿಂದ ಎರಡು ಸರದಿಯೂ ಆಡುತ್ತೇವೆ. ಐವತ್ತರವರೆಗೆ ಈಗ ತಪ್ಪುವುದಿಲ್ಲ. ಮೊನ್ನೆ ಎಪ್ಪತ್ತೊಂಬತ್ತು ಅಂದೆ, ಎಂಬತ್ತೊಂಬತ್ತು ಅಂದಳು. ಇನ್ನೊಂದು ಸಲ ಹೇಳಿ ಅಂತ ತಾನೇ ಒಂದು ಹೆಜ್ಜೆ ಹತ್ತಿರ ಬಂದಳು.