ಪರೀಕ್ಷಾ ಡೊಮೇನ್‌ಗೆ ಕ್ಲೈಂಟ್ ಸೇರಿಸುವಾಗ ಎದುರಾದ ತೊಡಕುಗಳು: ನನ್ನ ಅನುಭವ

ಮನೆಯ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗೆ ಇನ್ನೂ ಹಲವನ್ನು ನಡೆಸುವ ತಂತ್ರಾಂಶ) ಬಳಸಿ ವಿಂಡೋಸ್ ಸರ್ವರ್ 2019ರ ಒಂದು ಡೊಮೇನ್ ಕಂಟ್ರೋಲರ್, ಅಂದರೆ ಒಂದೇ ಆಡಳಿತಕ್ಕೆ ಒಳಪಟ್ಟ ಕಂಪ್ಯೂಟರುಗಳ ಗುಂಪಾದ ಡೊಮೇನನ್ನು ನಿಯಂತ್ರಿಸುವ ಸರ್ವರ್ ಸ್ಥಾಪಿಸಿ, ಆ ಡೊಮೇನ್‌ಗೆ 'ಲ್ಯಾಬ್.ಟೆಸ್ಟ್' ಎಂಬ ಹೆಸರು ಕೊಟ್ಟಿದ್ದೆ. ಡೊಮೇನ್‌ಗೆ ಸೇರಿಸಬೇಕಾದ ಕ್ಲೈಂಟ್ ಆದ ಇನ್ನೊಂದು ವರ್ಚುವಲ್ ಯಂತ್ರದಲ್ಲಿ ವಿಂಡೋಸ್ 10 ಪ್ರೊ ಇತ್ತು. (ಹೋಮ್ ಆವೃತ್ತಿಯನ್ನು ಡೊಮೇನ್‌ಗೆ ಸೇರಿಸಲು ಬರುವುದಿಲ್ಲ.) ಎರಡೂ ಬ್ರಿಡ್ಜ್ ವಿಧಾನದಲ್ಲಿ ಮನೆಯ ನೆಟ್‌ವರ್ಕಿಗೆ ಹೊಂದಿಕೊಂಡಿದ್ದವು, ಸರ್ವರ್‌ಗೆ 192.168.1.50 ಎಂಬ ಸ್ಥಿರ ವಿಳಾಸ ಕೊಟ್ಟಿದ್ದೆ.

ಕ್ಲೈಂಟ್‌ನಿಂದ ಪಿಂಗ್ ಮಾಡಿದರೆ (ಸಂಪರ್ಕವಿದೆಯೇ ಎಂದು ಪರೀಕ್ಷಿಸಿದರೆ) ಸರ್ವರ್ ಉತ್ತರಿಸುತ್ತಿತ್ತು. ಆದರೂ ಡೊಮೇನ್ ಹೆಸರು ಬರೆದು ಸರಿ ಒತ್ತಿದೊಡನೆ, ಡೊಮೇನ್ ಕಂಟ್ರೋಲರ್ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂಬ ಸಂದೇಶ ಬಂತು. ಪಿಂಗ್ ಸರಿಯಿದೆಯೆಂದು ನೆಟ್‌ವರ್ಕನ್ನು ಪೂರ್ತಿಯಾಗಿ ನಂಬಿ, ಸರ್ವರ್‌ನ ಫೈರ್‌ವಾಲ್ ನಿಯಮಗಳನ್ನು ಜಾಲಾಡುತ್ತಾ ಒಂದು ಸಂಜೆಯನ್ನೇ ಕಳೆದೆ. ಕ್ಲೈಂಟ್ ಡೊಮೇನ್ ಕಂಟ್ರೋಲರನ್ನು ಹುಡುಕುವುದು ವಿಳಾಸದಿಂದಲ್ಲ, ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ, ಸೇವೆ ಯಾವ ಸರ್ವರ್‌ನಲ್ಲಿದೆ ಎಂದು ತಿಳಿಸುವ ಎಸ್‌ಆರ್‌ವಿ ದಾಖಲೆಯಿಂದ ಎಂಬುದನ್ನು ಆಗ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಡಿಎನ್‌ಎಸ್ ಅನ್ನು ವಿಚಾರಿಸುವ ಎನ್‌ಎಸ್‌ಲುಕಪ್ ಆಜ್ಞೆಯಲ್ಲಿ ಆ ದಾಖಲೆಯನ್ನು ಕೇಳಿ ನೋಡಿದಾಗ, ಅಂಥ ಹೆಸರೇ ಇಲ್ಲವೆಂದು ಉತ್ತರಿಸಿದ್ದು ಮನೆಯ ರೌಟರ್. 'ಲ್ಯಾಬ್.ಟೆಸ್ಟ್' ಅದಕ್ಕೆ ಗೊತ್ತಿರುವುದಾದರೂ ಹೇಗೆ?

ಕ್ಲೈಂಟ್‌ನ ಡಿಎನ್‌ಎಸ್ ವಿಳಾಸವನ್ನು 192.168.1.50ಕ್ಕೆ ಬದಲಿಸಿದೆ. ಎರಡನೆಯ ಡಿಎನ್‌ಎಸ್ ಜಾಗವನ್ನು ಖಾಲಿ ಬಿಟ್ಟೆ. ಅಲ್ಲಿ ರೌಟರನ್ನೋ ಗೂಗಲ್‌ನ ಡಿಎನ್‌ಎಸ್ ಆದ 8.8.8.8 ಅನ್ನೋ ಇಟ್ಟರೆ, ಸರ್ವರ್ ಉತ್ತರಿಸಲು ತುಸು ತಡಮಾಡಿದಾಗ ಕ್ಲೈಂಟ್ ಅತ್ತ ಹೊರಳಿ, ಒಮ್ಮೆ ಸರಿ, ಒಮ್ಮೆ ತಪ್ಪು ಎಂಬಂಥ ಇನ್ನೂ ಕೆಟ್ಟ ದೋಷ ಹುಟ್ಟುತ್ತದೆ. ಇಷ್ಟು ಮಾಡಿದರೂ ಅದೇ ಸಂದೇಶ. ಎನ್‌ಎಸ್‌ಲುಕಪ್‌ನ ಮೊದಲ ಸಾಲನ್ನು ಗಮನವಿಟ್ಟು ಓದಿದಾಗ, ಉತ್ತರಿಸುತ್ತಿರುವುದು ಐಪಿವಿ6 (192.168.1.50ರಂಥವಕ್ಕಿಂತ ಬೇರೆಯಾದ, ಹೊಸ ಬಗೆಯ) ವಿಳಾಸವೆಂದು ತಿಳಿಯಿತು. ರೌಟರ್ ಐಪಿವಿ6 ಮೂಲಕ ತನ್ನನ್ನೇ ಡಿಎನ್‌ಎಸ್ ಎಂದು ಸಾರುತ್ತಿತ್ತು, ಕ್ಲೈಂಟ್ ಅದನ್ನೇ ಮೊದಲು ಕೇಳುತ್ತಿತ್ತು. ರೌಟರ್‌ನಲ್ಲಿ ಆ ಸಾರುವಿಕೆಯನ್ನು ನಿಲ್ಲಿಸಿ, ಕ್ಲೈಂಟ್‌ನ ಡಿಎನ್‌ಎಸ್ ಕ್ಯಾಶ್ (ನೆನಪಿಟ್ಟ ಹಳೆಯ ಉತ್ತರಗಳು) ಅಳಿಸಿ ಮತ್ತೆ ಕೇಳಿದಾಗ, ಸರ್ವರ್‌ನ ಹೆಸರೂ 389 ಎಂಬ ಪೋರ್ಟ್ ಸಂಖ್ಯೆಯೂ ಪರದೆಯ ಮೇಲೆ ಮೂಡಿದವು. ಕ್ಲೈಂಟ್‌ನಲ್ಲಿ ಐಪಿವಿ6 ಅನ್ನೇ ತೆಗೆದುಹಾಕುವುದು ಸುಲಭವಾದರೂ ಅದು ಒಳ್ಳೆಯ ಅಭ್ಯಾಸವಲ್ಲವೆಂದು ನನ್ನ ಅಭಿಪ್ರಾಯ.

ಈ ಬಾರಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳುವವರೆಗೆ ಕೆಲಸ ಸಾಗಿತು. ಅವನ್ನು ಕೊಟ್ಟ ಮೇಲೆ, ಕ್ಲೈಂಟ್ ಮತ್ತು ಸರ್ವರ್‌ನ ಸಮಯಗಳಲ್ಲಿ ವ್ಯತ್ಯಾಸವಿದೆ ಎಂಬ ಹೊಸ ದೋಷ. ಎರಡೂ ಗಡಿಯಾರಗಳು ರಾತ್ರಿ 9:40 ಎಂದೇ ತೋರಿಸುತ್ತಿದ್ದುದರಿಂದ ಇದು ನನ್ನನ್ನು ಬಹಳ ಹೊತ್ತು ಕಾಡಿತು. ಕಾರಣ ಕಾಲವಲಯದಲ್ಲಿತ್ತು: ಸರ್ವರ್ ಸ್ಥಾಪಿಸುವಾಗ ಅಮೆರಿಕದ ಪೆಸಿಫಿಕ್ ವಲಯ ಹಾಗೆಯೇ ಉಳಿದಿತ್ತು, ಅದು ಹೊರಗಿನ ಸಮಯ ಸೇವೆಯೊಂದಿಗೆ ಇನ್ನೂ ಹೊಂದಿಸಿಕೊಂಡಿರಲಿಲ್ಲ. ವರ್ಚುವಲ್‌ಬಾಕ್ಸ್ ಕೊಟ್ಟ ಭಾರತದ ಸಮಯವನ್ನೇ ಅದು ಪೆಸಿಫಿಕ್ ಸಮಯವೆಂದು ಭಾವಿಸಿತ್ತು. ಡೊಮೇನ್‌ನಲ್ಲಿ ಗುರುತು ಪರಿಶೀಲಿಸುವ ಕರ್ಬರೋಸ್ ಹೋಲಿಸುವುದು ಜಾಗತಿಕ ಸಮಯವಾದ ಯುಟಿಸಿಯನ್ನು, ಸಾಮಾನ್ಯವಾಗಿ ಒಪ್ಪುವುದು 5 ನಿಮಿಷಗಳ ಅಂತರವನ್ನು. ಇಲ್ಲಿದ್ದುದು ಹನ್ನೆರಡು ಗಂಟೆಗೂ ಹೆಚ್ಚು. ವಲಯವನ್ನು ಭಾರತಕ್ಕೆ ಬದಲಿಸಿ, ಅದರಿಂದ ಮುಂದೋಡಿದ ಗಡಿಯಾರವನ್ನು ಕೈಯಾರೆ ಸರಿಪಡಿಸಿದೆ.

ಆಮೇಲೆ ಡೊಮೇನ್‌ಗೆ ಸ್ವಾಗತವೆಂಬ ಪುಟ್ಟ ಕಿಟಕಿ ತೆರೆದುಕೊಂಡಿತು. ಪ್ರತಿ ಪ್ರಯತ್ನದ ವಿವರವೂ ವಿಂಡೋಸ್ ಫೋಲ್ಡರಿನೊಳಗಿನ ಡಿಬಗ್ ಫೋಲ್ಡರಿನಲ್ಲಿ, ನೆಟ್‌ಸೆಟಪ್ ಲಾಗ್ ಎಂಬ ಕಡತದಲ್ಲಿ ದಾಖಲಾಗಿರುತ್ತದೆ. ಈಗ ನಾನು ಫೈರ್‌ವಾಲ್ ಮುಟ್ಟುವ ಮೊದಲು ಅದನ್ನೇ ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತೇನೆ.