ಒಂದು ಪೋರ್ಟಿನಲ್ಲಿ ಇಬ್ಬರು ನೆರೆಯವರು

ನಾನು ನೋಡಿಕೊಳ್ಳುವ ನೆಟ್‌ವರ್ಕಿನಲ್ಲಿ ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಜೋಡಿಸುವ 11 ಸ್ವಿಚ್‌ಗಳಿವೆ. ಕೇಬಲ್‌ಗಳ ನಕ್ಷೆಯೂ ಇತ್ತು, ಆದರೆ ಹಳೆಯದು. ಅದನ್ನು ನಂಬಿ ಒಮ್ಮೆ ತಪ್ಪು ಪೋರ್ಟ್ ಬಂದ್ ಮಾಡಿದೆ. ಇಡೀ ಮಹಡಿಯ ನೆಟ್‌ವರ್ಕ್ ಹೋಯಿತು. ಅವತ್ತೇ ಎಲ್ಲ ಕಡೆ ಎಲ್‌ಎಲ್‌ಡಿಪಿ ಹಾಕಬೇಕೆಂದು ತೀರ್ಮಾನಿಸಿದೆ. ಇದು ಪ್ರತಿ ಸಾಧನವೂ ಕೇಬಲ್ಲಿನ ಆಚೆ ತುದಿಯ ಸಾಧನಕ್ಕೆ, ಅಂದರೆ ನೆರೆಯವರಿಗೆ, ತನ್ನ ಪರಿಚಯ ಹೇಳಿಕೊಳ್ಳುವ ಪ್ರೋಟೋಕಾಲ್ (ಸಾಧನಗಳು ಮಾತಾಡುವ ನಿಯಮ).

ಸಿಸ್ಕೊ ಕಂಪನಿಯ ಸ್ವಿಚ್‌ಗಳಲ್ಲಿ ಇದೇ ಕೆಲಸ ಮಾಡುವ ಸಿಡಿಪಿ ಮೊದಲೇ ಓಡುತ್ತಿತ್ತು. ಆದರೆ ಅದು ಆ ಕಂಪನಿಯದೇ ಪ್ರೋಟೋಕಾಲ್, ನನ್ನಲ್ಲಿ ಬೇರೆ ಕಂಪನಿಗಳ ಸ್ವಿಚ್‌ಗಳೂ ಇದ್ದವು. ಎಲ್‌ಎಲ್‌ಡಿಪಿ ಹಾಗಲ್ಲ, 2005ರಲ್ಲಿ ಬಂದ, ಐಟ್ರಿಪಲ್‌ಇ ಸಂಸ್ಥೆಯ 802.1ಎಬಿ ಸ್ಟ್ಯಾಂಡರ್ಡ್, ಯಾವ ಕಂಪನಿಯಾದರೂ ಬಳಸಬಹುದು. ಸಿಸ್ಕೊದಲ್ಲಿ 'ಎಲ್‌ಎಲ್‌ಡಿಪಿ ರನ್' ಅಂತ ಒಂದು ಸಾಲು ಕೊಟ್ಟರೆ ಸಾಕು.

ಶುರುವಿನಲ್ಲಿ ನೆರೆಯವರ ಪಟ್ಟಿ ನೋಡಿದರೆ ಏನೂ ತಿಳಿಯಲಿಲ್ಲ. ಅರ್ಧ ಸ್ವಿಚ್‌ಗಳಿಗೆ ಫ್ಯಾಕ್ಟರಿಯಲ್ಲಿ ಇಟ್ಟ ಒಂದೇ ಹೆಸರು! ಮೊದಲು ಹೆಸರು ಮತ್ತು ಪೋರ್ಟ್ ವಿವರಣೆ ಸರಿಮಾಡಿ, ಆಮೇಲೆ ಆನ್ ಮಾಡಿ. ನಾನು ಉಲ್ಟಾ ಮಾಡಿ ಒಂದು ಸಂಜೆ ಕಳೆದುಕೊಂಡೆ.

ಆಮೇಲೆ ಒಂದು ಪೋರ್ಟಿನಲ್ಲಿ ಇಬ್ಬರು ನೆರೆಯವರು ಕಂಡರು. ಎಲ್‌ಎಲ್‌ಡಿಪಿ ಫ್ರೇಮ್ (ಕಳಿಸುವ ಪುಟ್ಟ ಸಂದೇಶ) ಪಕ್ಕದ ಸಾಧನದವರೆಗೆ ಮಾತ್ರ ಹೋಗಬೇಕು. ಅದು ಹೋಗುವ ಮಲ್ಟಿಕಾಸ್ಟ್ (ಗುಂಪಿನ) ವಿಳಾಸಕ್ಕೆ ಬಂದ ಫ್ರೇಮನ್ನು ಸ್ಟ್ಯಾಂಡರ್ಡ್ ಪಾಲಿಸುವ ಸ್ವಿಚ್ ಮುಂದೆ ದಾಟಿಸುವುದಿಲ್ಲ. ಹಾಗಿದ್ದರೆ ಒಂದೇ ಕೇಬಲ್ಲಿನ ತುದಿಯಲ್ಲಿ ಇಬ್ಬರು ಹೇಗೆ? ಕೇಬಲ್ ಹಿಡಿದುಕೊಂಡು ಹೋದೆ. ಮೇಜಿನ ಕೆಳಗೆ ಯಾರೋ ಇಟ್ಟ, ಕಾನ್ಫಿಗರ್ ಮಾಡಲಾಗದ ಪುಟ್ಟ ಸ್ವಿಚ್ ಸಿಕ್ಕಿತು. ಇಂಥವುಗಳಲ್ಲಿ ಕೆಲವು ಆ ಫ್ರೇಮನ್ನು ಸುಮ್ನೆ ಎಲ್ಲ ಪೋರ್ಟಿಗೂ ಕಳಿಸಿಬಿಡುತ್ತವೆ. ಹಾಗಾಗಿ ಅದರ ಆಚೆಯ ಎರಡು ಸಾಧನಗಳು ಒಂದೇ ಪೋರ್ಟಿನಲ್ಲಿ ಕಂಡವು. ಅದು ತನ್ನ ಹೆಸರು ಹೇಳಲಿಲ್ಲ, ಆದರೂ ಸಿಕ್ಕಿಬಿತ್ತು ಅಲ್ವಾ! ನನಗಂತೂ ತುಂಬಾ ಖುಷಿಯಾಯಿತು.

ಲಿನಕ್ಸ್ ಸರ್ವರ್‌ಗಳಲ್ಲಿ ಎಲ್‌ಎಲ್‌ಡಿಪಿ ನಡೆಸುವ ಎಲ್‌ಎಲ್‌ಡಿಪಿಡಿ ಪ್ರೋಗ್ರಾಂ ಹಾಕಿದೆ. ಒಂದು ಸರ್ವರಿಗೆ ಮಾತ್ರ ನೆರೆಯವರೇ ಕಾಣಲಿಲ್ಲ. ಬಂದ ಫ್ರೇಮ್‌ಗಳನ್ನು ತೋರಿಸುವ ಟಿಸಿಪಿಡಂಪಿನಲ್ಲಿ ನೋಡಿದರೂ ಫ್ರೇಮ್ ಇಲ್ಲ, ಆದರೆ ಸ್ವಿಚ್ ಕಳಿಸುತ್ತಲೇ ಇತ್ತು. ಕಾರಣ ನೆಟ್‌ವರ್ಕ್ ಕಾರ್ಡಿನ ಫರ್ಮ್‌ವೇರ್ (ಕಾರ್ಡಿನೊಳಗೇ ಇರುವ ಸಾಫ್ಟ್‌ವೇರ್). ಅದರೊಳಗೇ ಒಂದು ಎಲ್‌ಎಲ್‌ಡಿಪಿ ಏಜೆಂಟ್ ಕೂತು ಫ್ರೇಮ್‌ಗಳನ್ನು ನುಂಗುತ್ತಿತ್ತು. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಎಥ್‌ಟೂಲ್‌ನಿಂದ ಆ ಏಜೆಂಟನ್ನು ಆಫ್ ಮಾಡಿದ ಮೇಲೆ ಸರಿಹೋಯಿತು.

ಸಮಯದ ಸೆಟ್ಟಿಂಗ್ ಮುಟ್ಟಲಿಲ್ಲ. 30 ಸೆಕೆಂಡಿಗೊಮ್ಮೆ ಕಳಿಸುತ್ತದೆ, ಮಾಹಿತಿ 120 ಸೆಕೆಂಡ್ ಉಳಿಯುತ್ತದೆ. ಹಾಗಾಗಿ ಆಚೆಯ ಸಾಧನ ಹ್ಯಾಂಗ್ ಆಗಿದ್ದರೂ ಎರಡು ನಿಮಿಷದವರೆಗೆ ಅದರ ಹೆಸರು ಪಟ್ಟಿಯಲ್ಲಿ ಇರಬಹುದು. ಅವಸರಪಡಬೇಡಿ.

ಹೊರಗಿನ ನೆಟ್‌ವರ್ಕಿಗೆ ಹೋಗುವ ಪೋರ್ಟ್‌ಗಳಲ್ಲಿ ಕಳಿಸುವುದನ್ನೂ ಪಡೆಯುವುದನ್ನೂ ನಿಲ್ಲಿಸಿದೆ. ಸ್ವಿಚ್ಚಿನ ಹೆಸರು, ಸಾಫ್ಟ್‌ವೇರ್ ಆವೃತ್ತಿ, ಮ್ಯಾನೇಜ್‌ಮೆಂಟ್ ಐಪಿ (ಸ್ವಿಚ್ಚನ್ನು ನಿಯಂತ್ರಿಸಲು ಬಳಸುವ ವಿಳಾಸ) ಎಲ್ಲ ಆ ಫ್ರೇಮಿನಲ್ಲೇ ಇರುತ್ತವೆ. ಹೊರಗಿನವರಿಗೆ ಅಷ್ಟೆಲ್ಲ ಯಾಕೆ ಹೇಳಬೇಕು?